ಹಳೇ ಮೈಕು ಕೆಟ್ಟಿತು ಅನ್ನುವ ಮೊದಲು ಅದರ ಕೇಬಲ್ ನೋಡಿ

ಮಂಡ್ಯ ಕಡೆಯ ಹಳ್ಳಿಗಳಲ್ಲಿ ಪೌರಾಣಿಕ ನಾಟಕ ಅಂದರೆ ರಾತ್ರಿ ಊಟ ಮುಗಿದ ಮೇಲೆ ಶುರುವಾಗಿ ಬೆಳಕು ಹರಿಯುವ ತನಕ. ರಂಗದ ಮುಂದೆ ಸಾಲಾಗಿ ಇಳಿಬಿಟ್ಟ ಮೈಕುಗಳು, ಪಕ್ಕದಲ್ಲಿ ಹಾರ್ಮೋನಿಯಂ ಮೇಷ್ಟ್ರಿಗೆ ಬೇರೆ ಒಂದು. ನಮ್ಮೂರ ನಾಟಕದಲ್ಲಿ ಒಮ್ಮೆ ನಡುರಾತ್ರಿ ಮೇಷ್ಟ್ರ ಮೈಕು ಕರಕರ ಅಂದು ನಿಂತೇ ಹೋಯಿತು. ನಮ್ಮ ಮಾವನ ಮೈಕ್ ಸೆಟ್ಟಿನಲ್ಲಿ ಎಲ್ಲಕ್ಕಿಂತ ಹಳೆಯದು ಅದು. ಕ್ರೋಮ್ ಮೈ, ಮುಷ್ಟಿಗಾತ್ರ, ಬುಡದಿಂದಲೇ ಹೊರಡುವ ಕಪ್ಪು ರಬ್ಬರ್ ಕೇಬಲ್.

"ಸತ್ತೋಯ್ತು ಕಣಪ್ಪ, ಬುಟ್ಬುಡು. ಬ್ಯಾರೆದು ತಂದು ಮಡುಗು" ಅಂದರು ಮೇಷ್ಟ್ರು.

ಮಾವ ಮಾತಾಡಲಿಲ್ಲ. ಮೈಕಿನ ಬುಡದಲ್ಲಿ ಕೇಬಲ್ಲನ್ನು ಎರಡು ಬೆರಳಿನಿಂದ ಹಿಡಿದು ಸ್ವಲ್ಪ ಮೇಲಕ್ಕೆ ಒತ್ತಿದರು. ಹಾರನ್ನಿನಲ್ಲಿ ಹಾರ್ಮೋನಿಯಂ ಮತ್ತೆ ಕೇಳಿಸಿತು. ಕೈ ಬಿಟ್ಟರು, ನಿಂತಿತು. ಊದುಬತ್ತಿಯ ಕಡ್ಡಿಯೊಂದನ್ನು ಮುರಿದು ಕೇಬಲ್ಲಿಗೆ ಆಸರೆ ಕೊಟ್ಟು ದಾರ ಸುತ್ತಿದರು. ಬೆಳಗಿನ ತನಕ ನಾಟಕ ನಡೆಯಿತು. ಕೆಟ್ಟಿದ್ದು ಕೇಬಲ್ಲಿನ ಮೊದಲ ಎರಡು ಇಂಚು ಮಾತ್ರ.

ಈ ಲೇಖನ ಆ ಎರಡು ಇಂಚಿನ ಬಗ್ಗೆ. ಮನೆಯಲ್ಲೋ, ಭಜನೆ ಮಂಡಳಿಯಲ್ಲೋ, ಶಾಲೆಯ ಬೀರುವಿನಲ್ಲೋ ಹಳೇ ಮೈಕು ಇದ್ದು, ಬೆಸುಗೆ ಹಾಕಿ ಒಂದಿಷ್ಟು ಅಭ್ಯಾಸ ಇದ್ದರೆ ಭಾನುವಾರದ ಒಂದು ಮಧ್ಯಾಹ್ನದಲ್ಲಿ ಈ ಕೆಲಸ ಮುಗಿಸಬಹುದು. ನಾನು ಪಾಲಿಸುವ ಕ್ರಮ ಒಂದೇ. ಮೊದಲು ಕೇಬಲ್, ಆಮೇಲೆ ಪಿನ್ನು, ಆಮೇಲೆ ಸ್ವಿಚ್ಚು, ಕಟ್ಟಕಡೆಗೆ ಕ್ಯಾಪ್ಸೂಲ್, ಅಂದರೆ ದನಿಯನ್ನು ಕರೆಂಟು ಮಾಡುವ ಒಳಗಿನ ಭಾಗ. ಈ ಕ್ರಮ ತಪ್ಪಿದ್ದರಿಂದಲೇ ಮಾವನ ಇನ್ನೊಂದು ಮೈಕು ಹಾಳಾಯಿತು. ರಿಪೇರಿಗೆ ಕೊಟ್ಟ ಕಡೆ ಹಳೇ ಕ್ಯಾಪ್ಸೂಲ್ ಕಿತ್ತು ಹೊಸದು ಕೂರಿಸಿದರು. ಹಳೆಯದನ್ನು ವಾಪಸ್ಸೂ ಕೊಡಲಿಲ್ಲ. ಮನೆಗೆ ತಂದು ಹಾಕಿದರೆ ಅದೇ ಕರಕರ. ಆಮೇಲೆ ಕೇಬಲ್ ಬದಲಾಯಿಸಿದಾಗ ಕರಕರ ಹೋಯಿತು, ಆದರೆ ಆ ಮೈಕಿನ ಹಳೇ ದನಿ ಮತ್ತೆ ಬರಲಿಲ್ಲ. ಅದು ಇವತ್ತಿಗೂ ನನಗೆ ಬೇಜಾರಿನ ವಿಷಯ.

ಮೈಕು ಯಾವ ಜಾತಿಯದು?

ಮೀಟರ್ ಹಿಡಿಯುವ ಮೊದಲೇ ಇದನ್ನು ಗೊತ್ತು ಮಾಡಿಕೊಳ್ಳಬೇಕು. ಒಂದಕ್ಕೆ ಮಾಡುವ ಪರೀಕ್ಷೆ ಇನ್ನೊಂದನ್ನು ಕೊಂದುಬಿಡಬಹುದು.

ನಮ್ಮ ಕಡೆ ಸಭೆ ಸಮಾರಂಭಗಳಲ್ಲಿ ಓಡಾಡಿದ ಮೈಕುಗಳಲ್ಲಿ ಡೈನಾಮಿಕ್ ಜಾತಿಯವೇ ಜಾಸ್ತಿ. ಒಳಗೆ ತೆಳುವಾದ ಪೊರೆ, ಅದಕ್ಕೆ ಅಂಟಿಸಿದ ಕೂದಲೆಳೆಯಂಥ ತಂತಿಯ ಕಾಯಿಲ್, ಸುತ್ತ ಒಂದು ಮ್ಯಾಗ್ನೆಟ್. ದನಿಗೆ ಪೊರೆ ಅಲುಗುತ್ತದೆ, ಮ್ಯಾಗ್ನೆಟ್ಟಿನ ನಡುವೆ ಕಾಯಿಲ್ ಅಲುಗಿ ಕರೆಂಟು ಹುಟ್ಟುತ್ತದೆ. ಗಟ್ಟಿ ಪ್ರಾಣಿ ಇದು. ದಶಕಗಟ್ಟಲೆ ಬಾಳುತ್ತದೆ.

ಹಳೇ ಟೇಪ್ ರೆಕಾರ್ಡರ್ ಜೊತೆ ಬರುತ್ತಿದ್ದ ಹಗುರವಾದ ಮೈಕುಗಳಲ್ಲಿ ಎಷ್ಟೋ ಕ್ರಿಸ್ಟಲ್ ಜಾತಿಯವು. ಒಳಗಿರುವುದು ರೋಶೆಲ್ ಉಪ್ಪಿನ ಹರಳು. ಹೆಸರೇ ಹೇಳುವ ಹಾಗೆ ಅದು ಉಪ್ಪು. ತೇವ ತಾಗಿದರೆ ಕರಗುತ್ತದೆ, 55 ಡಿಗ್ರಿ ಸೆಲ್ಸಿಯಸ್ ಹತ್ತಿರದ ಬಿಸಿಗೆ ಕೆಟ್ಟುಹೋಗುತ್ತದೆ. ಏಪ್ರಿಲ್ ಬಿಸಿಲಲ್ಲಿ ಗಾಜು ಏರಿಸಿ ನಿಲ್ಲಿಸಿದ ಕಾರಿನೊಳಗೆ ಇಟ್ಟರೂ ಸಾಕು, ಅದರ ಕತೆ ಮುಗಿಯುತ್ತದೆ. ಕ್ರಿಸ್ಟಲ್ ಮೈಕಿಗೆ ಓಮ್ ಮೀಟರ್ ಹಿಡಿದರೆ ಏನೂ ತೋರಿಸುವುದಿಲ್ಲ. ಅದು ಅದರ ಸಹಜ ಗುಣ, ಕೆಟ್ಟಿದೆ ಅಂತ ತೀರ್ಮಾನ ಮಾಡಬೇಡಿ.

ರಿಬ್ಬನ್ ಜಾತಿ ನಮ್ಮ ಕೈಗೆ ಸಿಗುವುದು ಅಪರೂಪ. ಸಿಕ್ಕಿದರೆ ಓಮ್ ಮೀಟರ್ ಹಿಡಿಯಲೇಬೇಡಿ, ಬಾಯಿಂದ ಊದಲೂಬೇಡಿ. ಅದರೊಳಗಿನ ಲೋಹದ ಪಟ್ಟಿ ಬೀಡಿ ಸುತ್ತುವ ಎಲೆಗಿಂತಲೂ ಎಷ್ಟೋ ಪಟ್ಟು ತೆಳು. ವಾಲ್ವ್ ಇರುವ ಕಂಡೆನ್ಸರ್ ಮೈಕಾದರೆ ಅದರ ಪವರ್ ಪೆಟ್ಟಿಗೆಯಲ್ಲಿ ನೂರು ವೋಲ್ಟಿಗಿಂತ ಜಾಸ್ತಿ ಇರಬಹುದು. ಅದು ಮನೆಯಲ್ಲಿ ಮಾಡುವ ಕೆಲಸ ಅಲ್ಲ. ಇಲ್ಲಿಂದ ಮುಂದೆ ಹೇಳುವುದೆಲ್ಲ ಮುಖ್ಯವಾಗಿ ಡೈನಾಮಿಕ್ ಮೈಕಿನ ಬಗ್ಗೆ. ಕ್ರಿಸ್ಟಲ್ಲಿಗೆ ಬೇರೆ ಆಗುವ ಕಡೆ ಹೇಳುತ್ತೇನೆ.

ಬಿಚ್ಚುವ ಮುಂಚೆ ಅಳೆಯಿರಿ

ಒಂದು ಸಾಧಾರಣ ಮಲ್ಟಿಮೀಟರ್ ಸಾಕು. ಆಂಪ್ಲಿಫೈರಿನಿಂದ ಮೈಕಿನ ಪಿನ್ನು ಕಿತ್ತು ಟೇಬಲ್ ಮೇಲೆ ಇಟ್ಟುಕೊಳ್ಳಿ. ಮೈಕಿನ ಸ್ವಿಚ್ ಆನ್ ಮಾಡಿ. ಇದನ್ನು ಮರೆತರೆ ಮುಂದೆ ಅಳೆಯುವುದೆಲ್ಲ ತಪ್ಪಾಗುತ್ತದೆ. ಬಹಳ ಮೈಕುಗಳಲ್ಲಿ ಆಫ್ ಮಾಡಿದಾಗ ಸ್ವಿಚ್ಚು ಕಾಯಿಲಿನ ಎರಡು ತುದಿಯನ್ನು ಒಂದಕ್ಕೊಂದು ಸೇರಿಸಿಬಿಡುತ್ತದೆ, ಆಗ ಮೀಟರು ಶಾರ್ಟ್ ಅಂತ ತೋರಿಸುತ್ತದೆ.

ಮೀಟರನ್ನು ಓಮ್ ಅಳತೆಗೆ ತಿರುಗಿಸಿ ಪಿನ್ನಿನ ಕಡೆಯಿಂದ ಅಳೆಯಿರಿ. ಕಾಲಿಂಚಿನ ಜಾಕ್ ಪಿನ್ ಆದರೆ ತುದಿಗೂ ಮೈಗೂ ನಡುವೆ. ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ಆದರೆ 2ಕ್ಕೂ 3ಕ್ಕೂ ನಡುವೆ. ಡೈನಾಮಿಕ್ ಮೈಕು ಚೆನ್ನಾಗಿದ್ದರೆ ಹತ್ತಾರು ಓಮಿನಿಂದ ಕೆಲವು ನೂರು ಓಮ್ ತನಕ ಏನಾದರೂ ಬರುತ್ತದೆ. ಒಳಗೆ ಟ್ರಾನ್ಸ್‌ಫಾರ್ಮರ್ ಇರುವ ಹೈ ಇಂಪೀಡೆನ್ಸ್ (ಕರೆಂಟಿಗೆ ಜಾಸ್ತಿ ತಡೆ ಇರುವ) ಮೈಕಾದರೆ ಸಾವಿರ ಓಮ್ ದಾಟಬಹುದು. ಕರೆಕ್ಟಾದ ಅಂಕಿ ಇಲ್ಲಿ ಮುಖ್ಯ ಅಲ್ಲ. ಸ್ಥಿರವಾಗಿ ಒಂದು ಅಂಕಿ ನಿಲ್ಲುತ್ತದಾ ಅನ್ನುವುದು ಮುಖ್ಯ. ಜೊತೆಗೆ ಮೈಕಿನ ಜಾಲರಿಗೆ ಕಿವಿ ಕೊಡಿ. ಮೀಟರಿನ ಕಡ್ಡಿ ತಾಗಿಸಿದಾಗಲೆಲ್ಲ ಒಳಗೆ ಸಣ್ಣಗೆ ಟಕ್ ಅನ್ನುತ್ತದೆ. ಮೀಟರಿನ ಕರೆಂಟಿಗೆ ಕಾಯಿಲ್ ಅಲುಗಿದ ಸದ್ದು ಅದು. ಆ ಟಕ್ ಕೇಳಿಸಿತು ಅಂದರೆ ಕ್ಯಾಪ್ಸೂಲಿನಲ್ಲಿ ಜೀವ ಇದೆ ಅಂತ ಅರ್ಥ. ಬಹಳ ವರ್ಷ ಪೆಟ್ಟಿಗೆಯಲ್ಲಿ ಮಲಗಿದ್ದ ಮೈಕಿನಿಂದ ಆ ಸದ್ದು ಬಂದಾಗ ನನಗೆ ಈಗಲೂ ಖುಷಿಯಾಗುತ್ತದೆ.

ಏನೂ ಬರಲಿಲ್ಲ ಅಂದರೆ ಗಾಬರಿ ಬೇಡ. ಮೀಟರ್ ಕಡ್ಡಿಗಳನ್ನು ಹಾಗೇ ಹಿಡಿದಿರಲು ಇನ್ನೊಬ್ಬರಿಗೆ ಹೇಳಿ, ನೀವು ಕೇಬಲ್ ಬಗ್ಗಿಸುತ್ತಾ ಬನ್ನಿ. ಮೈಕಿನ ಬುಡದಿಂದ ಶುರು ಮಾಡಿ, ಒಂದೊಂದು ಗೇಣಿಗೆ ನಿಂತು, ಮೆಲ್ಲಗೆ ಎಡಕ್ಕೆ ಬಲಕ್ಕೆ. ಎಲ್ಲೋ ಒಂದು ಕಡೆ ಅಂಕಿ ಕುಣಿಯುತ್ತದೆ. ಅಲ್ಲಿಗೆ ಬಣ್ಣದ ಟೇಪು ಅಂಟಿಸಿ. ಬಹಳ ಸಲ ಅದು ಬುಡದಿಂದ ಎರಡು ಇಂಚಿನೊಳಗೆ, ಇಲ್ಲವೇ ಪಿನ್ನಿನಿಂದ ಎರಡು ಇಂಚಿನೊಳಗೆ ಇರುತ್ತದೆ. ಹಗ್ಗ ತೊಲೆಗೆ ಕಟ್ಟಿದ ಜಾಗದಲ್ಲೇ ಸವೆಯುವ ಹಾಗೆ, ಕೇಬಲ್ ಸಹ ಬಗ್ಗುವ ಜಾಗದಲ್ಲೇ ಮುರಿಯುತ್ತದೆ.

ಕೆಪಾಸಿಟರ್ ಅಳೆಯುವ ಮೀಟರ್ ಇದ್ದವರಿಗೆ ಇನ್ನೊಂದು ದಾರಿ ಇದೆ. ಕೇಬಲ್ ಎರಡೂ ಕಡೆ ಬಿಚ್ಚಿದ ಮೇಲೆ ಒಳ ವೈರಿಗೂ ಅದರ ಸುತ್ತ ಇರುವ ಲೋಹದ ಹೊದಿಕೆಗೂ, ಅಂದರೆ ಶೀಲ್ಡಿಗೂ, ನಡುವೆ ಕೆಪಾಸಿಟಿ ಅಳೆಯಿರಿ. ಮೈಕ್ ಕೇಬಲ್ಲಿನಲ್ಲಿ ಮೀಟರಿಗೆ ಸುಮಾರು 100 ಪಿಕೋಫ್ಯಾರಡ್ ಅಂದುಕೊಂಡರೆ 6 ಮೀಟರಿಗೆ 600 ಬರಬೇಕು. ಮೈಕಿನ ತುದಿಯಿಂದ 30, ಪಿನ್ನಿನ ತುದಿಯಿಂದ 570 ಬಂತು ಅನ್ನಿ. ಒಳ ವೈರು ಮೈಕಿನ ಕಡೆಯಿಂದ 30 ಸೆಂಟಿಮೀಟರ್ ದೂರದಲ್ಲಿ ತುಂಡಾಗಿದೆ. ಕೇಬಲ್ಲನ್ನು ಅಲ್ಲಲ್ಲಿ ಕೊಯ್ದು ಹುಡುಕುವ ಅಗತ್ಯವೇ ಇಲ್ಲ.

ಕೊನೆಗೆ ಮೀಟರನ್ನು ಮೆಗಾಓಮ್ ಅಳತೆಗೆ ತಿರುಗಿಸಿ, ಬಿಚ್ಚಿಟ್ಟ ಕೇಬಲ್ಲಿನ ಒಳ ವೈರಿಗೂ ಶೀಲ್ಡಿಗೂ ನಡುವೆ ನೋಡಿ. ಏನೂ ತೋರಿಸಬಾರದು. ಹಳೇ ರಬ್ಬರಿನಲ್ಲಿ ತೇವ ಸೇರಿದ್ದರೆ ಒಂದೋ ಎರಡೋ ಮೆಗಾಓಮ್ ತೋರಿಸುತ್ತದೆ. ಅದು ಲೋ ಇಂಪೀಡೆನ್ಸ್ ಮೈಕಿಗೆ ಲೆಕ್ಕಕ್ಕಿಲ್ಲ. ಕ್ರಿಸ್ಟಲ್ ಮೈಕಿಗೆ ಮಾತ್ರ ಅಷ್ಟೇ ಸಾಕು, ದನಿಯ ಗಡಸುತನವೆಲ್ಲ ಸೋರಿಹೋಗಿ ಸಣಕಲಾಗುತ್ತದೆ.

ಬಿಚ್ಚುವುದು

ಇಲ್ಲಿ ಸ್ವಲ್ಪ ನಿಧಾನ ಮಾಡಿ. ಡೈನಾಮಿಕ್ ಮೈಕಿನ ಒಳಗಿರುವ ಮ್ಯಾಗ್ನೆಟ್ ಕಬ್ಬಿಣದ ಪುಡಿಯನ್ನು ದೂರದಿಂದಲೇ ಸೆಳೆಯುತ್ತದೆ. ಅರ ಹಾಕಿದ ಪುಡಿ, ಡ್ರಿಲ್ಲಿನ ಚೂರು, ಕತ್ತರಿಸಿದ ಸ್ಟೀಲ್ ತಂತಿಯ ತುಣುಕು ಬಿದ್ದಿರುವ ಕೆಲಸದ ಬೆಂಚಿನ ಮೇಲೆ ಬಿಚ್ಚಿದರೆ ಅವೆಲ್ಲ ಕಾಯಿಲ್ ಓಡಾಡುವ ಸಂದಿಗೆ ಹೋಗಿ ಕೂರುತ್ತವೆ. ಆ ಸಂದಿ ಉಗುರಿನ ದಪ್ಪದಷ್ಟೂ ಇರುವುದಿಲ್ಲ. ಒಮ್ಮೆ ಕೂತ ಪುಡಿಯನ್ನು ತೆಗೆಯುವುದು ಬಲು ಕಷ್ಟ. ಹಾಗಾಗಿ ನಾನು ಅಡುಗೆಮನೆಯ ಕಟ್ಟೆ ಒರೆಸಿ, ಮೇಲೆ ಹೊಸ ಬಿಳಿ ಕಾಗದ ಹಾಸಿ ಅಲ್ಲೇ ಬಿಚ್ಚುತ್ತೇನೆ.

ಸ್ಕ್ರೂಡ್ರೈವರಿನ ಬಗ್ಗೆ ಒಂದು ಮಾತು. ಜಾಲರಿ ತೆಗೆದ ಮೇಲೆ ಪೊರೆ ಬಯಲಾಗುತ್ತದೆ. ಆಗ ಸ್ಟೀಲಿನ ಸ್ಕ್ರೂಡ್ರೈವರ್ ಹತ್ತಿರ ತಂದರೆ ಮ್ಯಾಗ್ನೆಟ್ ಅದನ್ನು ಕೈಯಿಂದ ಕಿತ್ತುಕೊಂಡ ಹಾಗೆ ಎಳೆಯುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಪೊರೆಗೆ ತೂತು. ಜಾಲರಿ ತೆಗೆದ ಕೂಡಲೇ ಕ್ಯಾಪ್ಸೂಲಿನ ಮೇಲೆ ಸಣ್ಣ ಪ್ಲಾಸ್ಟಿಕ್ ಲೋಟವೋ ಬಾಟಲಿ ಮುಚ್ಚಳವೋ ಬೋರಲು ಹಾಕಿ. ಎಷ್ಟೋ ಸಲ ಜಾಲರಿ ತೆಗೆಯುವ ಅಗತ್ಯವೇ ಬೀಳುವುದಿಲ್ಲ, ಬುಡದ ಸ್ಕ್ರೂ ಬಿಚ್ಚಿದರೆ ಕೇಬಲ್ ಕೂತ ಜಾಗ ಸಿಗುತ್ತದೆ. ಮೊದಲು ಅಲ್ಲಿ ನೋಡಿ.

ಬಿಚ್ಚಿದ ತಕ್ಷಣ ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಬೆಳಕು ಬೇರೆ ಬೇರೆ ಕಡೆಯಿಂದ ಬೀಳುವ ಹಾಗೆ ಮೂರು ನಾಲ್ಕು. ಜೊತೆಗೆ ಕಾಗದದ ಮೇಲೂ ಬರೆದುಕೊಳ್ಳಿ: ಯಾವ ಬಣ್ಣದ ವೈರು ಎಲ್ಲಿಗೆ, ಶೀಲ್ಡ್ ಎಲ್ಲಿಗೆ. ಫೋಟೋದಲ್ಲಿ ಹಳೇ ಕೆಂಪೂ ಕಂದೂ ಒಂದೇ ಥರ ಕಾಣುತ್ತವೆ.

ಒಳಗೆ ಸ್ಪಂಜು ಇದ್ದರೆ ಮುಟ್ಟಿ ನೋಡಿ. ಹಳೇ ಸ್ಪಂಜು ಹಿಟ್ಟಿನ ಹಾಗೆ ಉದುರುತ್ತದೆ, ಇಲ್ಲವೇ ಬೆಲ್ಲದ ಪಾಕದ ಹಾಗೆ ಅಂಟುತ್ತದೆ. ಮೈಕನ್ನು ತಲೆಕೆಳಗು ಹಿಡಿದು, ಪುಡಿ ಪೊರೆಯ ಮೇಲೆ ಬೀಳದ ಹಾಗೆ, ಚಿಮಟದಲ್ಲಿ ತೆಗೆಯಿರಿ. ಬಾಯಿಂದ ಊದಬೇಡಿ, ಏರ್ ಗನ್ ಅಂತೂ ಬೇಡವೇ ಬೇಡ. ಜಾಲರಿ ಪೂರ್ತಿ ಕಳಚಿ ಬಂದರೆ ಸೋಪಿನ ನೀರಲ್ಲಿ ತೊಳೆದು ನೆರಳಲ್ಲಿ ಒಂದು ದಿನ ಒಣಗಿಸಿ. ದೇವರ ಮನೆಯ ಹಿತ್ತಾಳೆ ಸಾಮಾನಿಗೆ ಮಾಡುವ ಹಾಗೆ ಹುಣಸೆಹಣ್ಣು ಹಚ್ಚಿ ತಿಕ್ಕಬೇಡಿ. ಕ್ರೋಮ್ ಬಿಟ್ಟುಕೊಂಡ ಜಾಗದಲ್ಲಿ ಹುಳಿ ಕೂತರೆ ಕೆಳಗಿನ ಲೋಹವನ್ನು ತಿನ್ನುತ್ತಾ ಹೋಗುತ್ತದೆ.

ಇನ್ನೊಂದು. ಮೈಕಿನ ಬೆನ್ನಿನಲ್ಲಿ ಅಥವಾ ಕ್ಯಾಪ್ಸೂಲಿನ ಪಕ್ಕದಲ್ಲಿ ಸೀಳು, ತೂತು ಇದ್ದರೆ ಅವನ್ನು ಗೋಂದು, ಟೇಪು ಹಾಕಿ ಮುಚ್ಚಬೇಡಿ. ಶೂರ್ ಕಂಪನಿ 1939ರಲ್ಲಿ ತಂದ 55 ಮಾದರಿಯ ಮೈಕು ಒಂದೇ ಕ್ಯಾಪ್ಸೂಲಿನಿಂದ ಮುಂದಿನ ದನಿ ಜಾಸ್ತಿ, ಹಿಂದಿನದು ಕಡಿಮೆ ಹಿಡಿಯುತ್ತಿತ್ತು. ಅಂಥ ಮೈಕುಗಳಿಗೆ ಆ ಗುಣ ಬರುವುದೇ ಹಿಂದಿನಿಂದ ಒಳಗೆ ಹೋಗುವ ಗಾಳಿಯಿಂದ. ಅದನ್ನು ಮುಚ್ಚಿದರೆ ಮೈಕು ಎಲ್ಲ ಕಡೆಯ ಸದ್ದನ್ನೂ ಎಳೆದುಕೊಂಡು ಹಾರನ್ ಎದುರು ಕುಂಯ್ ಅಂತ ಕೂಗಲು ಶುರು ಮಾಡುತ್ತದೆ.

ಹಳೇ ವೈರು ಏಕೆ ಬೆಸುಗೆ ಹಿಡಿಯುವುದಿಲ್ಲ

ಕತ್ತರಿಸಿದ ಜಾಗದಲ್ಲಿ ಹಳೇ ಕೇಬಲ್ಲನ್ನು ಸುಲಿದು ನೋಡಿ. ಹೊರಗಿನ ರಬ್ಬರ್ ಕೈಗೆ ಮಸಿ ಹತ್ತುವ ಹಾಗಿರುತ್ತದೆ, ಇಲ್ಲವೇ ಒಣಗಿದ ಕಬ್ಬಿನ ಸಿಪ್ಪೆಯ ಹಾಗೆ ಚಟ್ ಅಂತ ಮುರಿಯುತ್ತದೆ. ಒಳಗಿನ ತಾಮ್ರದ ಎಳೆಗಳು ಹೊಳೆಯುವ ಬದಲು ಕಪ್ಪಗಿರುತ್ತವೆ. ರಬ್ಬರನ್ನು ಗಟ್ಟಿ ಮಾಡಲು ಗಂಧಕ ಸೇರಿಸಿರುತ್ತಾರೆ, ವರ್ಷಾನುಗಟ್ಟಲೆ ಆ ಗಂಧಕ ತಾಮ್ರಕ್ಕೆ ತಾಗಿ ಕಪ್ಪು ಪದರ ಕಟ್ಟುತ್ತದೆ. ಪಿವಿಸಿ ಕೇಬಲ್ ಆದರೆ ಹಸಿರು ಜಿಡ್ಡು. ಈ ಕಪ್ಪು ಪದರಕ್ಕೆ ಬೆಸುಗೆ ಹಿಡಿಯುವುದೇ ಇಲ್ಲ. ಸೀಸ ಗುಂಡಗೆ ಉರುಳಿ ಬೀಳುತ್ತದೆ.

ಕೆಲವರು ಆಗ ಬೆಸುಗೆ ಕಡ್ಡಿಯನ್ನು ಇನ್ನಷ್ಟು ಹೊತ್ತು ಒತ್ತಿ ಹಿಡಿಯುತ್ತಾರೆ. ರಬ್ಬರ್ ಕರಗಿ ಒಳಗೆ ಶಾರ್ಟ್ ಆಗುತ್ತದೆ. ಇನ್ನು ಕೆಲವರು ತಗಡಿನ ಕೆಲಸದವರು ಬಳಸುವ ಆಸಿಡ್ ಹಚ್ಚುತ್ತಾರೆ. ಆವತ್ತಿಗೆ ಹಿಡಿಯುತ್ತದೆ, ಮಳೆಗಾಲ ಒಂದು ಕಳೆಯುವಷ್ಟರಲ್ಲಿ ವೈರನ್ನೇ ತಿಂದು ಹಾಕಿರುತ್ತದೆ. ಎಳೆಗಳನ್ನು ಬಿಡಿಸಿ, ಬ್ಲೇಡಿನ ಬೆನ್ನಿನಿಂದ ಮೆಲ್ಲಗೆ ಹೆರೆದು, ರಾಳದ ಫ್ಲಕ್ಸ್ ಹಚ್ಚಿ ಒಮ್ಮೆ ಪ್ರಯತ್ನ ಮಾಡಿ. ಒಂದಡಿ ಒಳಗೆ ಹೋದರೂ ತಾಮ್ರ ಕಪ್ಪಾಗೇ ಇದ್ದರೆ ಆ ಕೇಬಲ್ಲಿನ ಆಸೆ ಬಿಡಬೇಕು. ತುದಿಯಲ್ಲಿ ಮಾತ್ರ ಕೆಟ್ಟು, ಒಳಗೆ ತಾಮ್ರ ಹೊಳೆಯುತ್ತಿದ್ದು, ರಬ್ಬರ್ ಬೆರಳಿಗೆ ಸುತ್ತಿದಾಗ ಬಿರುಕು ಬಿಡದಿದ್ದರೆ ಅರ್ಧ ಅಡಿ ಕತ್ತರಿಸಿ ಅದನ್ನೇ ಮತ್ತೆ ಹಾಕಿ. ಹೊಸದಕ್ಕಿಂತ ಹಳೆಯದೇ ಆ ಮೈಕಿಗೆ ಒಪ್ಪುತ್ತದೆ.

ತೆಗೆದ ಕೇಬಲ್, ಹಳೇ ಪಿನ್ನು, ಸವೆದ ಬುಶ್ಶು (ಕೇಬಲ್ ಹೊರಬರುವ ಕಡೆಯ ರಬ್ಬರ್ ತೋಳು) ಯಾವುದನ್ನೂ ಎಸೆಯಬೇಡಿ. ಒಂದು ಕವರಿಗೆ ಹಾಕಿ ಮೈಕಿನ ಜೊತೆಗೇ ಇಡಿ. ಮೈಸೂರಿನಲ್ಲಿ 1935ರ ಸೆಪ್ಟೆಂಬರ್ 10ರಂದು ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ 30 ವಾಟಿನ ಟ್ರಾನ್ಸ್‌ಮಿಟರ್ ಇಟ್ಟುಕೊಂಡು ರೇಡಿಯೋ ಶುರು ಮಾಡಿದರು. ಆಕಾಶವಾಣಿ ಅನ್ನುವ ಹೆಸರು ದೇಶಕ್ಕೆಲ್ಲ ಹೋದದ್ದು ಅಲ್ಲಿಂದ. ಮೈಕಿನ ಮುಂದೆ ಕೂತು ಮಾತಾಡುವ, ಹಾಡುವ ಅಭ್ಯಾಸ ಇಷ್ಟು ಹಳೆಯದಾದ ಊರಿನ ಸುತ್ತಮುತ್ತ ಅಟ್ಟದ ಮೇಲೆ ಸಿಗುವ ಮೈಕು ಯಾರ ಕೈಯಿಂದ ಯಾರ ಕೈಗೆ ಬಂದಿದೆಯೋ. ಅದರ ಮೇಲಿನ ತಗಡಿನ ಹೆಸರು, ನಂಬರು, ಯಾರೋ ಮೊಳೆಯಲ್ಲಿ ಗೀಚಿದ ಅಕ್ಷರ, ಬುಡದ ಪಿನ್ನು ಇವೇ ಅದರ ಗುರುತು. ಮುಂದೆ ಹುಡುಕುವವರಿಗೆ ಅವು ಬೇಕು.

ಹೊಸ ಕೇಬಲ್

ಶೀಲ್ಡ್ ಇರುವ ಮೈಕ್ ಕೇಬಲ್ಲೇ ಬೇಕು. ಮನೆ ವೈರಿಂಗ್ ವೈರು, ಸ್ಪೀಕರ್ ವೈರು ಹಾಕಿದರೆ ಸುತ್ತಲಿನ 50 ಹರ್ಟ್ಸ್ ಕರೆಂಟಿನ ಗುಂಯ್ ಎಲ್ಲ ಒಳಗೆ ಬರುತ್ತದೆ. ಜಡೆ ಹೆಣೆದ ಹಾಗೆ ತಾಮ್ರದ ಜಾಲರಿ ಇರುವುದು ಬಗ್ಗಿದರೂ ತಡೆಯುತ್ತದೆ. ಸುಮ್ನೆ ಸುತ್ತಿದ ಎಳೆಗಳ ಶೀಲ್ಡ್ ಅಗ್ಗ, ಆದರೆ ತಿರುಚಿದರೆ ಬಿಟ್ಟುಕೊಳ್ಳುತ್ತದೆ. ಮಂಡ್ಯ, ಮೈಸೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಸಿಗದಿದ್ದರೆ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುತ್ತದೆ. ಮೈಕಿನ ಬುಡದ ತೂತಿನ ಅಳತೆ ತೆಗೆದುಕೊಂಡು ಹೋಗಿ. ಈಗಿನ ಕೇಬಲ್ ಸುಮಾರು 6 ಮಿಲಿಮೀಟರ್ ದಪ್ಪ. ತೂತು ಚಿಕ್ಕದಾಗಿದ್ದರೆ ಸಣ್ಣ ಕೇಬಲ್ ಹುಡುಕಿ, ಮೈಕಿಗೆ ಡ್ರಿಲ್ ಹಾಕಬೇಡಿ.

ಉದ್ದ ಎಷ್ಟಿರಬೇಕು ಅನ್ನುವುದು ಮೈಕಿನ ಮೇಲೆ ನಿಂತಿದೆ. 200 ಓಮಿನ ಲೋ ಇಂಪೀಡೆನ್ಸ್ ಮೈಕಿಗೆ 100 ಮೀಟರ್ ಎಳೆದರೂ ದನಿಗೆ ಏನೂ ಆಗುವುದಿಲ್ಲ. ಹೈ ಇಂಪೀಡೆನ್ಸ್ ಮೈಕಿನ ಕತೆ ಬೇರೆ. 50 ಸಾವಿರ ಓಮ್ ಮೈಕಿಗೆ 5 ಮೀಟರ್ ಕೇಬಲ್ ಹಾಕಿದರೆ ಸುಮಾರು 6,300 ಹರ್ಟ್ಸಿನಿಂದ ಮೇಲಿನ ದನಿ ಇಳಿಯಲು ಶುರು. 10 ಮೀಟರ್ ಹಾಕಿದರೆ ಅದರ ಅರ್ಧಕ್ಕೇ, 3,200 ಹರ್ಟ್ಸಿಗೇ ಶುರು. ಸ, ಶ, ಚ ಅಕ್ಷರಗಳೆಲ್ಲ ಮಂಕಾಗಿ ಕಂಬಳಿ ಹೊದ್ದು ಮಾತಾಡಿದ ಹಾಗೆ ಕೇಳಿಸುತ್ತದೆ. "ಹಳೇ ಮೈಕು, ಮಂಕಾಗಿದೆ" ಅಂತ ಬದಿಗಿಟ್ಟ ಎಷ್ಟೋ ಮೈಕಿಗೆ ಯಾರೋ ಉದ್ದದ ಕೇಬಲ್ ಹಾಕಿರುತ್ತಾರೆ, ಅಷ್ಟೇ. ಅಂಥದ್ದಕ್ಕೆ ಐದಾರು ಮೀಟರ್ ದಾಟಬೇಡಿ. ಕ್ರಿಸ್ಟಲ್ ಮೈಕಿನಲ್ಲಿ ಕೇಬಲ್ ಉದ್ದವಾದರೆ ದನಿ ಮಂಕಾಗುವ ಬದಲು ಒಟ್ಟಾರೆ ಸಣ್ಣದಾಗುತ್ತದೆ.

ಲೋ ಇಂಪೀಡೆನ್ಸ್ ಮೈಕಿಗೆ ಎರಡು ವೈರು ಮತ್ತು ಶೀಲ್ಡ್ ಇರುವ ಕೇಬಲ್ ಹಾಕಿ ಎಕ್ಸ್‌ಎಲ್‌ಆರ್ ಕೂರಿಸಬಹುದು. ಆದರೆ ಮೊದಲು ಕಾಯಿಲಿನ ಎರಡು ತುದಿಯಲ್ಲಿ ಯಾವುದೂ ಮೈಕಿನ ಲೋಹದ ಮೈಗೆ ಸೇರಿಲ್ಲ ಅಂತ ಮೀಟರಿನಲ್ಲಿ ನೋಡಿ. ಸೇರಿಲ್ಲದಿದ್ದರೆ ಶೀಲ್ಡ್ ಮತ್ತು ಮೈ 1ನೇ ಪಿನ್ನಿಗೆ, ಕಾಯಿಲ್ 2 ಮತ್ತು 3ಕ್ಕೆ. ಒಂದು ತುದಿ ಮೈಗೆ ಸೇರಿದ್ದರೆ ಹಳೇ ಪದ್ಧತಿಯಲ್ಲೇ ಒಂದು ವೈರು ಮತ್ತು ಶೀಲ್ಡ್ ಇರುವ ಕೇಬಲ್ಲು, ಜಾಕ್ ಪಿನ್ನು. ಅಂಥ ಮೈಕನ್ನು ಎಕ್ಸ್‌ಎಲ್‌ಆರ್ ಮಾಡಿ, ಮಿಕ್ಸರಿನ 48 ವೋಲ್ಟ್ ಫ್ಯಾಂಟಮ್ (ಕೇಬಲ್ಲಿನಲ್ಲೇ ಮೈಕಿಗೆ ಕಳಿಸುವ ಪವರ್) ಆನ್ ಇರುವಾಗ ಚುಚ್ಚಿದರೆ ಕರೆಂಟು ಕಾಯಿಲಿನ ಮೂಲಕವೇ ಹರಿಯುತ್ತದೆ. ಹಳೇ ಮೈಕು ಚುಚ್ಚುವ ಮುಂಚೆ ಫ್ಯಾಂಟಮ್ ಆಫ್ ಇದೆಯಾ ಅಂತ ನೋಡುವುದನ್ನು ರೂಢಿ ಮಾಡಿಕೊಳ್ಳಿ.

ಬೆಸುಗೆ

25 ವಾಟಿನ ಬೆಸುಗೆ ಕಡ್ಡಿ ಸಾಕು. 60/40 ಸೋಲ್ಡರ್ 190 ಡಿಗ್ರಿಯ ಹತ್ತಿರ ಕರಗುತ್ತದೆ, ಒಳಗೇ ರಾಳ ಇರುತ್ತದೆ. ಕಿಟಕಿ ತೆಗೆದಿಡಿ. ಕೆಲಸ ಮುಗಿದ ಮೇಲೆ ಕೈ ತೊಳೆಯಿರಿ, ಅದರಲ್ಲಿ ಸೀಸ ಇದೆ.

ಎಲ್ಲಕ್ಕಿಂತ ಮೊದಲು ಪಿನ್ನಿನ ಹೊರ ಕವಚ, ರಬ್ಬರ್ ಬುಶ್ಶು, ಶ್ರಿಂಕ್ ಟ್ಯೂಬಿನ (ಬಿಸಿ ಮಾಡಿದರೆ ಕುಗ್ಗಿ ಬಿಗಿಯುವ ಕೊಳವೆ) ತುಂಡು, ಮೈಕಿನ ಬುಡದ ಮುಚ್ಚಳ ಇವನ್ನೆಲ್ಲ ಕೇಬಲ್ಲಿಗೆ ಪೋಣಿಸಿಕೊಳ್ಳಿ. ಬೆಸುಗೆ ಆದ ಮೇಲೆ ಅವು ಹೋಗುವುದಿಲ್ಲ, ಮತ್ತೆ ಕೀಳಬೇಕಾಗುತ್ತದೆ.

ಹೊರ ಸಿಪ್ಪೆಯನ್ನು ಎರಡು ಸೆಂಟಿಮೀಟರ್ ಸುಲಿಯಿರಿ. ಬ್ಲೇಡನ್ನು ಒತ್ತಿ ಕತ್ತರಿಸಬೇಡಿ. ಕೇಬಲ್ಲನ್ನು ಬಗ್ಗಿಸಿ ಹಿಡಿದು ಬಾಗಿದ ಜಾಗದ ಮೇಲೆ ಬ್ಲೇಡನ್ನು ಹಾಗೇ ಸವರಿದರೆ ಸಿಪ್ಪೆ ತಾನಾಗಿ ಬಾಯಿ ಬಿಡುತ್ತದೆ, ಕೆಳಗಿನ ಶೀಲ್ಡಿನ ಎಳೆ ಒಂದೂ ತುಂಡಾಗುವುದಿಲ್ಲ. ಶೀಲ್ಡಿನ ಎಳೆಗಳನ್ನು ಬಿಡಿಸಿ ಒಂದು ಕಡೆಗೆ ತಂದು ಬತ್ತಿ ಹೊಸೆದ ಹಾಗೆ ಹೊಸೆದು ಅದಕ್ಕೊಂದು ಸ್ಲೀವ್ ಹಾಕಿ. ತಪ್ಪಿಸಿಕೊಂಡ ಒಂದೇ ಒಂದು ಎಳೆ ಪಕ್ಕದ ಪಿನ್ನಿಗೆ ತಾಗಿದರೂ ಮೈಕು ಮೂಕ. ಒಳ ವೈರಿನ ತುದಿಗೆ ಮೊದಲೇ ಸ್ವಲ್ಪ ಸೋಲ್ಡರ್ ಹತ್ತಿಸಿ. ಪಿನ್ನಿಗೂ ಹತ್ತಿಸಿ. ಆಮೇಲೆ ಎರಡನ್ನೂ ತಾಗಿಸಿ ಕಡ್ಡಿ ಇಟ್ಟರೆ ಎರಡು ಮೂರು ಸೆಕೆಂಡಿನಲ್ಲಿ ಒಂದಾಗುತ್ತವೆ. ಆರುವ ತನಕ ಅಲುಗಿಸಬೇಡಿ. ಬೆಸುಗೆ ಹೊಳೆಯಬೇಕು. ಬೂದಿ ಬಣ್ಣಕ್ಕೆ ತಿರುಗಿ ಮರಳು ಮರಳಾಗಿ ಕಂಡರೆ ಇನ್ನೊಮ್ಮೆ ಬಿಸಿ ಮಾಡಿ.

ಮೈಕಿನ ಒಳಗಿನ ತುದಿ ಮಾಡುವಾಗ ಕ್ಯಾಪ್ಸೂಲಿನ ಕೂದಲೆಳೆ ತಂತಿಯನ್ನು ಮುಟ್ಟಲೇಬೇಡಿ. ಅದು ಬಂದು ಸೇರುವ ಟ್ಯಾಗಿನ (ಬೆಸುಗೆ ಹಾಕುವ ಲೋಹದ ಪಟ್ಟಿ) ಇನ್ನೊಂದು ಬದಿಯಲ್ಲಿ ಕೇಬಲ್ಲನ್ನು ಬೆಸೆಯಿರಿ. ಬಿಸಿ ಆ ಕಡೆ ಹೋಗದ ಹಾಗೆ ಟ್ಯಾಗನ್ನು ಚಿಮಟದಲ್ಲಿ ಕಚ್ಚಿ ಹಿಡಿಯಿರಿ. ಕ್ರಿಸ್ಟಲ್ ಮೈಕಿನಲ್ಲಿ ಹರಳಿನ ಟ್ಯಾಗಿಗೆ ಬಿಸಿಯೇ ಬೇಡ. ಹಳೇ ವೈರನ್ನು ಎರಡು ಇಂಚು ಬಿಟ್ಟು ಕತ್ತರಿಸಿ, ಆ ತುಂಡಿಗೆ ಹೊಸದನ್ನು ಸೇರಿಸಿ.

ಸ್ವಿಚ್ಚು ಕರಕರ ಅಂದರೆ ಕಾಂಟ್ಯಾಕ್ಟ್ ಕ್ಲೀನರನ್ನು ಕಡ್ಡಿಯ ತುದಿಗೆ ಸುತ್ತಿದ ಹತ್ತಿಗೆ ಹಾಕಿ ಒರೆಸಿ ಹತ್ತಿಪ್ಪತ್ತು ಸಲ ಆನ್ ಆಫ್ ಮಾಡಿ. ಮೈಕಿನ ಒಳಗೆ ನೇರ ಸ್ಪ್ರೇ ಮಾಡಬೇಡಿ. ಎಣ್ಣೆ ಬೇಡ.

ಎಳೆತ ಬೆಸುಗೆಯ ಮೇಲೆ ಬೀಳಬಾರದು

ಕೇಬಲ್ ಬದಲಾಯಿಸಿ ಮೂರು ತಿಂಗಳಿಗೇ ಮತ್ತೆ ಕೆಟ್ಟಿತು ಅಂದರೆ ಕಾರಣ ಬಹುಪಾಲು ಇದೇ. ಕೇಬಲ್ ಎಳೆದಾಗ ಆ ಭಾರವನ್ನು ಹೊರಗಿನ ಸಿಪ್ಪೆ ತಡೆಯಬೇಕು, ಬೆಸುಗೆ ತಡೆಯಬಾರದು. ಬುಡದಲ್ಲಿ ಕ್ಲಾಂಪ್ ಇದ್ದರೆ ಅದು ಸಿಪ್ಪೆಯನ್ನೇ ಹಿಡಿದಿದೆಯಾ ನೋಡಿ. ಇಲ್ಲದಿದ್ದರೆ ತೂತಿನ ಒಳಗಡೆ ಕೇಬಲ್ಲಿಗೆ ಮೇಣ ಹಚ್ಚಿದ ದಾರವನ್ನು ಒತ್ತೊತ್ತಾಗಿ ಹತ್ತು ಸುತ್ತು ಬಿಗಿದು ಗಂಟು ಹಾಕಿ. ಚಪ್ಪಲಿ ಹೊಲಿಯುವವರ ಹತ್ತಿರ ಸಿಗುವ ದಾರ ಇದಕ್ಕೆ ಬಹಳ ಚೆನ್ನಾಗಿ ಆಗುತ್ತದೆ. ಆ ದಪ್ಪ ತೂತಿನಿಂದ ಆಚೆ ಬರುವುದಿಲ್ಲ. ಒಳಗಿನ ವೈರುಗಳು ಸ್ವಲ್ಪ ಸಡಿಲವಾಗಿ ಬಳುಕಿಕೊಂಡಿರಲಿ.

ಹೊರಗಡೆ ಹಳೇ ಸ್ಪ್ರಿಂಗ್ ಅಥವಾ ರಬ್ಬರ್ ಬುಶ್ಶು ಇದ್ದರೆ ಅದನ್ನೇ ಹಾಕಿ. ಬುಶ್ಶು ಬಿರುಕು ಬಿಟ್ಟಿದ್ದರೆ ಎರಡು ಅಳತೆಯ ಶ್ರಿಂಕ್ ಟ್ಯೂಬನ್ನು ಒಂದರ ಮೇಲೊಂದು, ಹೊರಗಿನದು ಗಿಡ್ಡ, ಒಳಗಿನದು ಉದ್ದ. ಆಗ ಕೇಬಲ್ ಒಂದೇ ಜಾಗದಲ್ಲಿ ಮುರಿದು ಬಗ್ಗದೆ ಮೆಲ್ಲಗೆ ಬಾಗುತ್ತದೆ. ಮಾವನ ಊದುಬತ್ತಿ ಕಡ್ಡಿ ಆ ರಾತ್ರಿ ಮಾಡಿದ್ದೂ ಇದೇ ಕೆಲಸ.

ಆಂಪ್ಲಿಫೈರಿಗೆ ಹಾಕಿ ನೋಡುವುದು

ಮುಚ್ಚುವ ಮುಂಚೆ ಮೀಟರಿನಲ್ಲಿ ಇನ್ನೊಮ್ಮೆ ಅಳೆದು, ಕೇಬಲ್ ಅಲುಗಿಸಿ, ಅಂಕಿ ನಿಂತ ಮೇಲೆ ಸ್ಕ್ರೂ ಹಾಕಿ. ವಾಲ್ಯೂಮ್ ಸೊನ್ನೆಯಲ್ಲಿಟ್ಟು ಚುಚ್ಚಿ ನಿಧಾನ ಏರಿಸಿ. ಗುಂಯ್ ಅನ್ನುತ್ತಿದ್ದು, ಮೈಕಿನ ಲೋಹ ಮುಟ್ಟಿದಾಗ ಅದು ಜಾಸ್ತಿಯೋ ಕಡಿಮೆಯೋ ಆದರೆ ಶೀಲ್ಡ್ ಮೈಗೆ ಸೇರಿಲ್ಲ.

ಮುಟ್ಟಿದಾಗ ಕೈ ಜುಮ್ ಅಂದರೆ ಮಾತ್ರ ತಕ್ಷಣ ಆಂಪ್ಲಿಫೈರಿನ ಪ್ಲಗ್ ಕೀಳಿ. ಅದು ಮೈಕಿನ ತೊಂದರೆ ಅಲ್ಲ. ಆಂಪ್ಲಿಫೈರಿಗೆ ಅರ್ಥಿಂಗ್ ಇಲ್ಲ, ಒಳಗೆ ಎಲ್ಲೋ ಕರೆಂಟು ಸೋರುತ್ತಿದೆ. ಹಳೇ ಎರಡು ಪಿನ್ನಿನ ಪ್ಲಗ್ಗಿನ ಆಂಪ್ಲಿಫೈರು, ಜನರೇಟರು, ಒದ್ದೆ ನೆಲ, ಬರಿಗಾಲಲ್ಲಿ ನಿಂತ ಹಾಡುಗಾರರು ಇವೆಲ್ಲ ಒಟ್ಟಿಗೆ ಸೇರುವ ಜಾಗ ನಮ್ಮ ಹಳ್ಳಿಯ ರಂಗ. 230 ವೋಲ್ಟು ಮೈಕಿನ ಮೈಗೆ ಬಂದರೆ ಜೀವ ಹೋಗುತ್ತದೆ. ಗೊತ್ತಿರುವ ಎಲೆಕ್ಟ್ರಿಷಿಯನ್ ನೋಡಿ ಸರಿ ಮಾಡುವ ತನಕ ಆ ಆಂಪ್ಲಿಫೈರ್ ಬಳಸಬೇಡಿ. "ಸ್ವಲ್ಪ ಜುಮ್ ಅಂತೈತೆ ಅಷ್ಟೇಯಾ" ಅಂತ ಯಾರು ಹೇಳಿದರೂ ಒಪ್ಪಬೇಡಿ.

ಸಾಲಾಗಿ ಮೈಕು ಇಡುವವರು ಇನ್ನೊಂದು ಪರೀಕ್ಷೆ ಮಾಡಿ. ರಿಪೇರಿ ಆದ ಮೈಕನ್ನೂ ಚೆನ್ನಾಗಿರುವ ಒಂದನ್ನೂ ಪಕ್ಕಪಕ್ಕ ಹಿಡಿದು, ಎರಡನ್ನೂ ಆನ್ ಮಾಡಿ, ನಡುವೆ ಮಾತಾಡಿ. ದನಿ ತುಂಬಿ ಬಂದರೆ ಸರಿ. ಒಂದೊಂದೇ ಇದ್ದಾಗ ಚೆನ್ನಾಗಿದ್ದು, ಎರಡೂ ಸೇರಿದಾಗ ತೆಳ್ಳಗಾದರೆ ಹೊಸ ಬೆಸುಗೆಯಲ್ಲಿ ಎರಡು ವೈರು ಅದಲುಬದಲಾಗಿದೆ. ಎಕ್ಸ್‌ಎಲ್‌ಆರ್ ಆದರೆ 2 ಮತ್ತು 3 ಬದಲಾಯಿಸಿ.

ಸುತ್ತಿ ಇಡುವುದು

ಕೇಬಲ್ಲನ್ನು ಮೈಕಿನ ಸುತ್ತ ಬಿಗಿಯಾಗಿ ಸುತ್ತಬೇಡಿ. ಮೊಣಕೈಗೂ ಹೆಬ್ಬೆರಳಿಗೂ ನಡುವೆ ಹಗ್ಗದ ಹಾಗೆ ಸುತ್ತುವುದೂ ಬೇಡ, ಪ್ರತಿ ಸುತ್ತಿಗೂ ಒಳಗೆ ಒಂದು ತಿರುಚು ಬೀಳುತ್ತದೆ. ಒಂದು ಸುತ್ತು ಮೇಲಿನಿಂದ, ಇನ್ನೊಂದು ಸುತ್ತು ಕೈ ಮಗುಚಿ ಕೆಳಗಿನಿಂದ ಹಾಕಿ, ಊಟದ ತಟ್ಟೆಯಷ್ಟು ಅಗಲಕ್ಕೆ ಬಿಟ್ಟು, ಬಟ್ಟೆಯ ದಾರದಲ್ಲಿ ಸಡಿಲವಾಗಿ ಕಟ್ಟಿ. ರಬ್ಬರ್ ಬ್ಯಾಂಡ್ ಬೇಡ, ಅದು ಕರಗಿ ಕೇಬಲ್ಲಿಗೆ ಅಂಟುತ್ತದೆ. ಕ್ರಿಸ್ಟಲ್ ಮೈಕಾದರೆ ತೇವ ತಾಗದ ಹಾಗೆ ಡಬ್ಬಿಯೊಳಗೆ ಇಡಿ, ನಾಲೆ ಬಯಲಿನ ಊರುಗಳಲ್ಲಿ ತೇವ ಜಾಸ್ತಿ.

ಕಡೆಗೆ ಒಂದು ಚೀಟಿ ಬರೆದು ಮೈಕಿನ ಡಬ್ಬಿಗೆ ಹಾಕಿ. ಕೇಬಲ್ ಬದಲಾಯಿಸಿದ ತಾರೀಖು, ಯಾವ ಬಣ್ಣ ಎಲ್ಲಿಗೆ, ಆವತ್ತು ಮೀಟರ್ ತೋರಿಸಿದ ಓಮ್. ಮಾವನ ಆ ಮೈಕಿನ ಚೀಟಿಯಲ್ಲಿ ಈಗ ಎರಡು ಸಾಲು ಇದೆ, ಮೇಲಿನದು ಅವರ ಕೈಬರಹ, ಕೆಳಗಿನದು ನನ್ನದು.